ಅಪ್ಪನ ಸ್ಪ್ಲೆಂಡರ್, ಎರಡು ಡಬ್ಬಿ ಆಯಿಲ್

ಸ್ಪೇರ್ಸ್ ಅಂಗಡಿಯವರು ಎರಡು ಡಬ್ಬಿ ಎಂಜಿನ್ ಆಯಿಲ್ ತಂದು ಗಾಜಿನ ಕೌಂಟರ್ ಮೇಲೆ ಇಟ್ಟರು. ಎರಡೂ 900 ಎಂಎಲ್. ಒಂದು ಮಿನರಲ್, 20ಡಬ್ಲ್ಯು40. ಇನ್ನೊಂದು ಫುಲ್ ಸಿಂಥೆಟಿಕ್, 10ಡಬ್ಲ್ಯು40. ಎರಡನೆಯದರ ಬೆಲೆ ಮೊದಲನೆಯದರ ಎರಡು ಪಟ್ಟಿಗಿಂತ ಜಾಸ್ತಿ.

"ಗಾಡಿ ಯಾವ್ದು ಸಾರ್?"

"ಸ್ಪ್ಲೆಂಡರ್. 99ರ ಮಾಡೆಲ್."

ಅವರು ಏನೂ ಹೇಳಲಿಲ್ಲ. ಸಿಂಥೆಟಿಕ್ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಮಿನರಲ್ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. ಅಷ್ಟೇ.

ಹಳೇ ಗಾಡಿ ಅಂದ ತಕ್ಷಣ ಕಡಿಮೆ ಬೆಲೆಯ ಎಣ್ಣೆ ಸಾಕು ಅಂತ ಯಾಕೆ? ವಯಸ್ಸಾದವರಿಗೆ ಅಲ್ವಾ ಒಳ್ಳೆಯ ಊಟ ಬೇಕಿರುವುದು? ಅಂಗಡಿಯಲ್ಲಿ ನಿಂತಾಗ ನನಗೆ ಬಂದ ಯೋಚನೆ ಇದು. ಅವತ್ತು ಎರಡೂ ಡಬ್ಬಿ ತಗೊಂಡೆ. ಅದಾಗಿ ನಾಲ್ಕು ವರ್ಷ ಆಯಿತು. ಎರಡನ್ನೂ ಹಾಕಿ ಓಡಿಸಿದ್ದೇನೆ. ಗ್ಯಾರೇಜಿನಲ್ಲಿ ಕುಕ್ಕರುಗಾಲಲ್ಲಿ ಕೂತು ಎಂಜಿನ್ ಒಳಗೆ ಇಣುಕಿದ್ದೇನೆ. ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಈಗ ನನ್ನ ಗಾಡಿಯ ಮಟ್ಟಿಗೆ ನನ್ನ ಹತ್ತಿರ ಒಂದು ಉತ್ತರ ಇದೆ. ಆ ಉತ್ತರಕ್ಕಿಂತ ಅಲ್ಲಿಗೆ ಬಂದ ದಾರಿಯನ್ನು ಹೇಳುವ ಆಸೆ ಜಾಸ್ತಿ. ಯಾಕೆಂದರೆ ನಿಮ್ಮ ಗಾಡಿಗೆ ಉತ್ತರ ಬೇರೆ ಇರಬಹುದು.

ಅಪ್ಪ ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಅಲ್ಲಿಯವರೆಗೆ ಅವರಿಗೆ ಸೈಕಲ್ಲೇ ಗತಿ. 1999ರಲ್ಲಿ ಸೊಸೈಟಿ ಸಾಲ ತೆಗೆದು ಹೀರೋ ಹೋಂಡಾ ಸ್ಪ್ಲೆಂಡರ್ ತಂದರು. 97.2 ಸಿಸಿ, ನಾಲ್ಕು ಗೇರ್, ಕಪ್ಪು ಬಣ್ಣ. ಅದಕ್ಕೆ ಅಣ್ಣನಂತಿದ್ದ, ಅದೇ ಕಂಪನಿಯ ಸಿಡಿ 100 ಬೈಕ್ ಬಂದಿದ್ದು 1985ರಲ್ಲಿ. 'ಫಿಲ್ ಇಟ್, ಶಟ್ ಇಟ್, ಫರ್ಗೆಟ್ ಇಟ್' ಅನ್ನುವ ಅದರ ಜಾಹೀರಾತು ಆಗ ಎಲ್ಲರ ಬಾಯಲ್ಲೂ ಇತ್ತು. ತುಂಬಿಸಿ, ಮುಚ್ಚಿ, ಮರೆತುಬಿಡಿ. ಆ ಮಾತು ಪೆಟ್ರೋಲ್ ಬಗ್ಗೆ. ಆದರೆ ನಮ್ಮ ಕಡೆ ಎಷ್ಟೋ ಜನ ಆಯಿಲ್ ವಿಷಯದಲ್ಲೂ ಅದನ್ನೇ ಪಾಲಿಸಿದರು. ಅಪ್ಪ ಮಾತ್ರ ಮರೆಯಲಿಲ್ಲ.

ಭಾನುವಾರ ಬೆಳಿಗ್ಗೆ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸುತ್ತಿದ್ದರು. ಮೂರು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ, ಇನ್ನೊಂದೆರಡು ನಿಮಿಷ ಕಾಯುತ್ತಿದ್ದರು. ಆಮೇಲೆ ಬಲಗಡೆಯ ಕಪ್ಪು ಮುಚ್ಚಳ ಬಿಚ್ಚಿ ಡಿಪ್‌ಸ್ಟಿಕ್ ತೆಗೆದು, ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ, ತಿರುಪದೆ ಸುಮ್ನೆ ತೂತಿನ ಮೇಲೆ ಕೂರಿಸಿ, ಮತ್ತೆ ಎತ್ತಿ ನೋಡುತ್ತಿದ್ದರು. ಎರಡು ಗೆರೆಗಳ ನಡುವೆ ಎಣ್ಣೆ ಎಲ್ಲಿದೆ ಅಂತ. ತಿರುಪಿ ಅಳೆದರೆ ಕಡ್ಡಿ ಒಳಗೆ ಜಾಸ್ತಿ ಮುಳುಗಿ, ಇಲ್ಲದ ಎಣ್ಣೆ ಇದ್ದ ಹಾಗೆ ತೋರಿಸುತ್ತದೆ. ಇದನ್ನು ನನಗೆ ಹತ್ತು ಸಲ ಹೇಳಿದ್ದರು.

2012ರಲ್ಲಿ ಅಪ್ಪನಿಗೆ ಮೊಣಕಾಲು ನೋವು ಶುರುವಾಯಿತು. ಗಾಡಿ ಬೆಂಗಳೂರಿಗೆ, ನನ್ನ ಕೈಗೆ ಬಂತು. 2015ರ ಬೇಸಿಗೆಯಲ್ಲಿ ಊರಿಗೆ ಹೊರಟಿದ್ದೆ. ತುಮಕೂರು ದಾಟಿತು, ಗುಬ್ಬಿ ದಾಟಿತು. ಎಂಜಿನ್ ಟಕಟಕ ಅನ್ನತೊಡಗಿತು. ಪಿಕಪ್ ಬಿದ್ದುಹೋಯಿತು. ಹಿಂದಿನ ಚಕ್ರವನ್ನು ಯಾರೋ ಬಿಗಿಯಾಗಿ ಹಿಡಿದುಕೊಂಡ ಹಾಗಾಗಿ ಗಾಡಿ ನಿಂತೇಬಿಟ್ಟಿತು. ರಸ್ತೆ ಪಕ್ಕ ತಳ್ಳಿ ಡಿಪ್‌ಸ್ಟಿಕ್ ತೆಗೆದೆ. ತುದಿಯಲ್ಲಿ ಒಂದು ಹನಿ ಕೂಡ ಇರಲಿಲ್ಲ. ಎಷ್ಟು ತಿಂಗಳಿಂದ ನೋಡಿರಲಿಲ್ಲ ಅಂತ ಲೆಕ್ಕ ಹಾಕಲೂ ನಾಚಿಕೆಯಾಯಿತು.

ಲಗೇಜ್ ಆಟೋದಲ್ಲಿ ಗಾಡಿ ಊರು ಸೇರಿತು. ಗ್ಯಾರೇಜಿನಲ್ಲಿ ಬಿಚ್ಚಿದಾಗ ಪಿಸ್ಟನ್ ಮೈಮೇಲೆ ಉಗುರಿನಲ್ಲಿ ಗೀರಿದಂತೆ ಉದ್ದುದ್ದ ಗೆರೆ. ಸಿಲಿಂಡರಿನ ಒಳಗೋಡೆ ಕೊರೆಸಿ, ಅಂದರೆ ಬೋರ್ ಮಾಡಿಸಿ, ಒಂಚೂರು ದಪ್ಪದ 25 ಸೈಜ್ ಪಿಸ್ಟನ್ ಹಾಕಬೇಕಾಯಿತು. ಅಪ್ಪ ಅಲ್ಲೇ ಸ್ಟೂಲ್ ಮೇಲೆ ಕೂತಿದ್ದರು. ನಾನು ಹಾಕಿಸಿದ್ದ ಆಯಿಲ್ ಎಷ್ಟು ದುಬಾರಿಯದು, ಎಷ್ಟು ಒಳ್ಳೆಯದು ಅಂತ ಏನೇನೋ ಹೇಳುತ್ತಿದ್ದೆ. ಅಪ್ಪ ಕೇಳಿದರು, "ಯಾವ್ದು ಅಂತ ನಾನು ಕೇಳಲಿಲ್ಲ ಕಣೋ. ಇತ್ತಾ?"

ನಮ್ಮೂರ ಮೆಕ್ಯಾನಿಕ್ ಅಣ್ಣನಿಗೆ ಅಪ್ಪ ಅಂದರೆ ಗೌರವ. ಅವರು ಮೇಷ್ಟ್ರ ಹತ್ತಿರ ಓದಿದವರು. ಬೋರ್ ಕೆಲಸ ಮುಗಿಸಿ ಗಾಡಿ ಕೊಡುವಾಗ ನನಗೆ ಕಟ್ಟುನಿಟ್ಟಾಗಿ ಹೇಳಿದರು: "ಸಿಂಥೆಟಿಕ್ ಮಾತ್ರ ಬೇಡ. ಹಳೇ ಗಾಡಿಗೆ ಅದನ್ನ ಹಾಕಿದ್ರೆ ಸೋರುತ್ತೆ, ಕ್ಲಚ್ ಜಾರುತ್ತೆ. ನೀರು ನೀರಾಗಿರುತ್ತೆ ಅದು. ಇದಕ್ಕೆ ಗಟ್ಟಿ ಎಣ್ಣೆನೇ ಬೇಕು." ಈ ಮಾತನ್ನು ನೀವೂ ಕೇಳಿರುತ್ತೀರಿ. ಪ್ರತಿ ಊರಿನ ಪ್ರತಿ ಗ್ಯಾರೇಜಿನಲ್ಲೂ ಇದೇ ಮಾತು. ಅನುಭವದಿಂದ ಬಂದ ಮಾತನ್ನು ತಳ್ಳಿಹಾಕುವುದು ನನಗೆ ಇಷ್ಟವಿಲ್ಲ. ಆದರೆ ಅದು ಯಾವ ಕಾಲದ ಅನುಭವ, ಯಾವ ಎಣ್ಣೆಯ ಅನುಭವ ಅಂತ ತಿಳಿಯುವ ಆಸೆ ಇತ್ತು.

ಎಣ್ಣೆಯ ಮೂಲಕ್ಕೆ ಹೋದರೆ ನನಗೆ ಮೊದಲು ಸಿಕ್ಕಿದ್ದು ಅಜ್ಜ. ಅಜ್ಜನ ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆ ಹಾಕುತ್ತಿದ್ದರಂತೆ. ಹುಲ್ಲು ಸುಟ್ಟ ಕರಿಯನ್ನು ಅದರಲ್ಲಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೆ ನೇತುಹಾಕುತ್ತಿದ್ದರು. ಅದಕ್ಕೆ ಕೀಲೆಣ್ಣೆ ಅಂತ ಹೆಸರು. ಎಷ್ಟು ಚಂದದ ಪದ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ ಅವರ ಕಂಪನಿ 1909ರಲ್ಲಿ ಎಂಜಿನ್ನಿಗೆ ಅಂತ ಒಂದು ಹೊಸ ಎಣ್ಣೆ ತಂದಿತು. ಅದರಲ್ಲೂ ಹರಳೆಣ್ಣೆ ಇತ್ತು. ಹರಳಿಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಅನ್ನುತ್ತಾರಲ್ಲ, ಅದರಿಂದಲೇ ಕ್ಯಾಸ್ಟ್ರಾಲ್ ಅನ್ನುವ ಹೆಸರು ಬಂತು. ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳ ಎಂಜಿನ್ನುಗಳೂ ಹರಳೆಣ್ಣೆಯಲ್ಲಿ ಓಡಿದವು.

ಹರಳೆಣ್ಣೆ ರಸಾಯನಶಾಸ್ತ್ರದ ಲೆಕ್ಕದಲ್ಲಿ ಒಂದು ಎಸ್ಟರ್. ಇವತ್ತು ರೇಸ್ ಗಾಡಿಗೆ ಹಾಕುವ ಅತಿ ದುಬಾರಿ ಸಿಂಥೆಟಿಕ್ ಆಯಿಲ್‌ಗಳಲ್ಲಿ, ಜೆಟ್ ವಿಮಾನದ ಎಂಜಿನ್ ಎಣ್ಣೆಯಲ್ಲಿ ಇರುವುದೂ ಎಸ್ಟರ್‌ಗಳೇ, ಫ್ಯಾಕ್ಟರಿಯಲ್ಲಿ ತಯಾರಾದವು. ಎಸ್ಟರ್ ಲೋಹಕ್ಕೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ಅಜ್ಜನಿಗೆ ಅದರ ಹೆಸರು ಗೊತ್ತಿರಲಿಲ್ಲ, ಗುಣ ಗೊತ್ತಿತ್ತು. ಇದನ್ನು ಓದಿದ ದಿನ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರು ಬಹಳ ಹೊತ್ತು ಅಜ್ಜನ ಗಾಡಿಯ ಬಗ್ಗೆಯೇ ಮಾತಾಡಿದರು.

ಇನ್ನು ಮಿನರಲ್ ಆಯಿಲ್. ನೆಲದಿಂದ ತೆಗೆದ ಕಚ್ಚಾ ತೈಲವನ್ನು ಸೋಸಿ, ಬೇರ್ಪಡಿಸಿ ಮಾಡಿದ್ದು. ರಾಗಿಯನ್ನು ಎಷ್ಟೇ ಕೇರಿ, ಜರಡಿ ಹಿಡಿದರೂ ಸಣ್ಣ ಕಾಳು, ದಪ್ಪ ಕಾಳು, ಒಂದೆರಡು ಕಲ್ಲು ಉಳಿಯುತ್ತವಲ್ಲ, ಇದೂ ಹಾಗೆ. ಅದರ ಅಣುಗಳು ಒಂದೇ ಸಮ ಇರುವುದಿಲ್ಲ. ಬಿಸಿ ಏರಿದಾಗ ಹಗುರವಾದವು ಆವಿಯಾಗುತ್ತವೆ, ಸ್ವಲ್ಪ ಗಂಧಕ, ಸ್ವಲ್ಪ ಮೇಣ ಹಾಗೇ ಉಳಿದಿರುತ್ತವೆ. ಸಿಂಥೆಟಿಕ್ ಅಂದರೆ ಅಣುಗಳನ್ನು ಬೇಕಾದ ಅಳತೆಗೆ ಕಟ್ಟಿದ ಎಣ್ಣೆ. ಹೆಚ್ಚುಕಡಿಮೆ ಎಲ್ಲವೂ ಒಂದೇ ಗಾತ್ರ. ಅದಕ್ಕೇ ಬಿಸಿಗೆ ಬೇಗ ಕೆಡುವುದಿಲ್ಲ, ಚಳಿಗೆ ಬೇಗ ಗಟ್ಟಿಯಾಗುವುದಿಲ್ಲ.

ಇಲ್ಲೊಂದು ವಿಷಯ ಇದೆ. ಅಪ್ಪ ಸ್ಪ್ಲೆಂಡರ್ ತಂದ ಅದೇ 1999ರಲ್ಲಿ ಅಮೆರಿಕದಲ್ಲಿ ಸಿಂಥೆಟಿಕ್ ಅನ್ನುವ ಪದದ ಮೇಲೆ ಒಂದು ತೀರ್ಮಾನ ಆಯಿತು. ಕಚ್ಚಾ ತೈಲವನ್ನೇ ಹೈಡ್ರೋಜನ್ ಮತ್ತು ಒತ್ತಡದಲ್ಲಿ ಒಡೆದು, ಮರುಜೋಡಿಸಿ ಮಾಡಿದ ಎಣ್ಣೆಯನ್ನು ಸಿಂಥೆಟಿಕ್ ಅಂತ ಮಾರಬಹುದಾ? ಕ್ಯಾಸ್ಟ್ರಾಲ್ ಹಾಗೆ ಮಾರುತ್ತಿತ್ತು, ಮಾರಬಾರದು ಅಂತ ಮೊಬಿಲ್ ಕಂಪನಿ ದೂರು ಕೊಟ್ಟಿತ್ತು. ಜಾಹೀರಾತುಗಳನ್ನು ಪರಿಶೀಲಿಸುವ ಅಲ್ಲಿನ ಸಂಸ್ಥೆ ಕ್ಯಾಸ್ಟ್ರಾಲ್ ಪರವಾಗಿ ಹೇಳಿತು. ಇಂಥ ಎಣ್ಣೆಗೆ ಗ್ರೂಪ್ 3 ಅನ್ನುತ್ತಾರೆ. ಈಗ ಸಿಂಥೆಟಿಕ್ ಅಂತ ಬರೆದ ಎಷ್ಟೋ ಡಬ್ಬಿಗಳಲ್ಲಿ ಇರುವುದು ಇದೇ. ಇದು ಮೋಸ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಗ್ರೂಪ್ 3 ಎಣ್ಣೆ ನಿಜವಾಗಿಯೂ ಒಳ್ಳೆಯದು. ಆದರೆ ಮಿನರಲ್ ಮತ್ತು ಸಿಂಥೆಟಿಕ್ ನಡುವೆ ನಾವು ಅಂದುಕೊಂಡಷ್ಟು ದೊಡ್ಡ ಗೋಡೆ ಇಲ್ಲ. ಎರಡನ್ನೂ ಬೆರೆಸಿದ ಸೆಮಿ ಸಿಂಥೆಟಿಕ್ ಕಥೆಯೂ ಅಷ್ಟೇ. ಯಾವುದು ಎಷ್ಟು ಪಾಲು ಅಂತ ಸಾಮಾನ್ಯವಾಗಿ ಡಬ್ಬಿ ಮೇಲೆ ಬರೆದಿರುವುದಿಲ್ಲ.

ಈಗ ಮೆಕ್ಯಾನಿಕ್ ಅಣ್ಣನ ಮಾತಿಗೆ ಬರುತ್ತೇನೆ. 'ನೀರು ನೀರಾಗಿರುತ್ತೆ' ಅನ್ನುವುದು ಕಣ್ಣಿಗೆ ಕಾಣುವ ಮಟ್ಟಿಗೆ ನಿಜ. ಎರಡೂ ಡಬ್ಬಿ ಬಗ್ಗಿಸಿ ನೋಡಿದರೆ ಸಿಂಥೆಟಿಕ್ ಬೇಗ ಸುರಿಯುತ್ತದೆ. ಆದರೆ ಡಬ್ಬಿಯೊಳಗಿನ ಎಣ್ಣೆ ತಣ್ಣಗಿರುತ್ತದೆ. ಎಂಜಿನ್ ಒಳಗೆ ಹಾಗಲ್ಲ. ತಿಪಟೂರು ಪಕ್ಕದವರಾದ ನಮಗೆ ಇದು ಸುಲಭವಾಗಿ ಅರ್ಥವಾಗಬೇಕು. ಡಿಸೆಂಬರ್ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಕಲ್ಲಾಗಿರುತ್ತದೆ, ಪಕ್ಕದಲ್ಲಿರುವ ಎಳ್ಳೆಣ್ಣೆ ಸಲೀಸಾಗಿ ಬೀಳುತ್ತದೆ. ಹಾಗಂತ ಬಾಣಲೆಯಲ್ಲಿ ಕಾದ ಮೇಲೆ ಕೊಬ್ಬರಿ ಎಣ್ಣೆ ಗಟ್ಟಿ, ಎಳ್ಳೆಣ್ಣೆ ತೆಳು ಅಂತ ಯಾರೂ ಹೇಳುವುದಿಲ್ಲ.

20ಡಬ್ಲ್ಯು40ರಲ್ಲಿ ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಚಳಿಯ ಲೆಕ್ಕ, ಮುಂದಿನ 40 ಬಿಸಿಯ ಲೆಕ್ಕ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಣ್ಣೆಯ ಮಂದತೆ 12.5ರಿಂದ 16.3 ಸೆಂಟಿಸ್ಟೋಕ್ಸ್ (ಮಂದತೆ ಅಳೆಯುವ ಮಾನ) ಒಳಗೆ ಇದ್ದರೆ ಮಾತ್ರ ಅದಕ್ಕೆ 40 ಅಂತ ಹೆಸರು. ಮಿನರಲ್ ಆಗಲಿ, ಸಿಂಥೆಟಿಕ್ ಆಗಲಿ ಈ ಅಳತೆ ಒಂದೇ. ಅಂದರೆ ಅಂಗಡಿಯ ಆ ಎರಡೂ ಡಬ್ಬಿ ಎಂಜಿನ್ ಕಾದ ಮೇಲೆ ಒಂದೇ ಅಳತೆಗೆ ಸೇರಿದವು. ಚಳಿಯ ಕಡೆ ಮಾತ್ರ ವ್ಯತ್ಯಾಸ. 20ಡಬ್ಲ್ಯು ಎಣ್ಣೆಯನ್ನು ಮೈನಸ್ 15 ಡಿಗ್ರಿಯಲ್ಲಿ, 10ಡಬ್ಲ್ಯು ಎಣ್ಣೆಯನ್ನು ಮೈನಸ್ 25 ಡಿಗ್ರಿಯಲ್ಲಿ ಪರೀಕ್ಷೆ ಮಾಡುತ್ತಾರೆ. ನಮ್ಮ ಅರಸೀಕೆರೆಯ ಚಳಿಗೆ ಇದರಲ್ಲಿ ಯಾವುದಾದರೂ ಸಾಕು. ತೆಳುವಾದ ಎಣ್ಣೆ ಬೆಳಿಗ್ಗೆ ಎಂಜಿನ್ನಿನ ಮೇಲಿನ ಹೆಡ್ಡಿಗೆ ಒಂಚೂರು ಬೇಗ ಏರುತ್ತದೆ ಅನ್ನುವುದು ಸರಿ, ಆದರೆ ಅದು ನಮ್ಮ ಹವೆಯಲ್ಲಿ ಸಣ್ಣ ಲಾಭ. ಹೊಗೆ ಬಿಡುವ, ಎಣ್ಣೆ ಕುಡಿಯುವ ಎಂಜಿನ್ ಆದರೆ ಮಾತು ಬೇರೆ. ಅಲ್ಲಿ ಬೇಕಿರುವುದು 20ಡಬ್ಲ್ಯು50 ಇರಬಹುದು, ಇಲ್ಲವೇ ಹೊಸ ಪಿಸ್ಟನ್ ರಿಂಗ್ಸ್. ಹೇಗೂ ಸೈಲೆನ್ಸರ್‌ನಲ್ಲಿ ಹೊಗೆಯಾಗಿ ಹೋಗುವ ಎಣ್ಣೆಗೆ ದುಪ್ಪಟ್ಟು ದುಡ್ಡು ಕೊಡಬೇಡಿ.

ಸೋರುವ ಮಾತನ್ನು ನಾನು ಓದಿ ತಿಳಿದಿದ್ದಲ್ಲ. ಕಣ್ಣಾರೆ ನೋಡಿದ್ದು.

ಸಿಂಥೆಟಿಕ್ ಹಾಕಿದ ಮೊದಲ ವಾರ ಬಹಳ ಖುಷಿಯಾಗಿತ್ತು. ಫಸ್ಟ್ ಗೇರ್ ಹಾಕುವಾಗ ಬರುತ್ತಿದ್ದ ಟಕ್ ಅನ್ನುವ ಸದ್ದು ಕಡಿಮೆಯಾಯಿತು. ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಹುಡುಕಾಡುವುದು ತಪ್ಪಿತು. ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೂರನೇ ವಾರ ಪಾರ್ಕಿಂಗ್ ನೆಲದ ಮೇಲೆ, ಕಿಕ್ಕರ್ ಕೆಳಗೆ, ಎಂಟಾಣೆ ಅಗಲದ ಎಣ್ಣೆ ಕಲೆ. ಮಾರನೇ ದಿನ ಇನ್ನೊಂದು. ಊರಿಗೆ ಹೋದಾಗ ಗಾಡಿ ತೋರಿಸಿದೆ. "ನಾನು ಹೇಳಿರ್ಲಿಲ್ವಾ?" ಅಂದರು ಮೆಕ್ಯಾನಿಕ್ ಅಣ್ಣ. ಹೇಳಿದ್ದರು, ನಿಜ. ಆದರೂ ಆ ಸೀಲ್ ತೆಗೆದು ನನ್ನ ಕೈಗೆ ಕೊಡಿ ಅಂತ ಕೇಳಿಕೊಂಡೆ.

ಕಿಕ್ ಶಾಫ್ಟ್ ಸೀಲ್ ಅಂದರೆ ಒಂದು ಪುಟ್ಟ ರಬ್ಬರ್ ಉಂಗುರ. ಹೊಸದನ್ನು ಹಿಂಡಿದರೆ ತುಟಿಯ ಹಾಗೆ ಮೆತ್ತಗೆ ಮಣಿಯುತ್ತದೆ. ನಮ್ಮದು ಗಾಜಿನ ಬಳೆಯ ಹಾಗೆ ಗಟ್ಟಿಯಾಗಿತ್ತು. ಉಗುರು ಒತ್ತಿದರೆ ಗುರುತು ಕೂಡ ಬೀಳಲಿಲ್ಲ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಬಿಸಿಯಲ್ಲಿ ಬೆಂದ ರಬ್ಬರ್ ಅದು. ಸುತ್ತಲೂ ಕಪ್ಪು ಜಿಡ್ಡು ಕಟ್ಟಿತ್ತು, ಒಂದು ಕಡೆ ಮಾತ್ರ ತೊಳೆದ ಹಾಗೆ ಸ್ವಚ್ಛ. ಅಷ್ಟು ದಿನ ಎಣ್ಣೆಯನ್ನು ಹಿಡಿದಿಟ್ಟಿದ್ದು ಸೀಲ್ ಅಲ್ಲ, ಆ ಜಿಡ್ಡು. ಹೊಸ ಎಣ್ಣೆಯಲ್ಲಿ ಕೊಳೆ ತೊಳೆಯುವ ಡಿಟರ್ಜೆಂಟ್ ಇರುತ್ತದೆ. ಅದು ಜಿಡ್ಡನ್ನು ಕರಗಿಸಿತು, ಸೀಲ್ ಸತ್ತು ಎಷ್ಟೋ ಕಾಲವಾಗಿದೆ ಅನ್ನುವುದು ಆಗ ಗೊತ್ತಾಯಿತು.

ಸಿಂಥೆಟಿಕ್ ಸೋರುತ್ತದೆ ಅನ್ನುವ ಮಾತಿಗೆ ಇನ್ನೂ ಒಂದು ಹಳೆಯ ಕಾರಣ ಇದೆ. ಮೊದಮೊದಲು ಬಂದ ಸಿಂಥೆಟಿಕ್ ಎಣ್ಣೆಗಳಲ್ಲಿ ಕೆಲವು ರಬ್ಬರನ್ನು ಕುಗ್ಗಿಸುತ್ತಿದ್ದವು. ಆಮೇಲೆ ಸೀಲ್ ಮೆತ್ತಗಿರಲಿ ಅಂತ ಬೇರೆ ಪದಾರ್ಥ ಸೇರಿಸತೊಡಗಿದರು. ಸಮಸ್ಯೆ ಹೋಯಿತು, ಮಾತು ಉಳಿಯಿತು. ನಾವು ಸುಮಾರು 40 ರೂಪಾಯಿಯ ಹೊಸ ಸೀಲ್ ಹಾಕಿ, ಮತ್ತೆ ಅದೇ ಸಿಂಥೆಟಿಕ್ ಎಣ್ಣೆ ತುಂಬಿದೆವು. ಐದು ತಿಂಗಳು ಒಂದು ಹನಿ ಕೂಡ ಬೀಳಲಿಲ್ಲ. ಮೆಕ್ಯಾನಿಕ್ ಅಣ್ಣ ಆಮೇಲೆ ಹೇಳಿದ ಮಾತು ನನಗೆ ಇಷ್ಟವಾಯಿತು: "ಸರಿ ಬಿಡಿ, ಎಣ್ಣೆದು ತಪ್ಪಿಲ್ಲ. ಆದ್ರೆ ಎಲ್ಲರೂ ಸೀಲ್ ಹಾಕ್ಸಕ್ಕೆ ಒಪ್ಪಲ್ಲ, ಸೋರಿದ್ರೆ ನನ್ನ ಬೈತಾರೆ."

ಕ್ಲಚ್ ಜಾರುವುದನ್ನು ನಮ್ಮ ಭಾವ ತೋರಿಸಿಕೊಟ್ಟರು. ಕಾರ್ ಸರ್ವಿಸ್ ಮಾಡಿಸಿದಾಗ ಉಳಿದಿದ್ದ ಸಿಂಥೆಟಿಕ್ ಆಯಿಲನ್ನು ಸುಮ್ನೆ ಯಾಕೆ ಇಡುವುದು ಅಂತ ಅವರ ಬೈಕಿಗೆ ಸುರಿದಿದ್ದರು. ಅಕ್ಕನನ್ನು ಕೂರಿಸಿಕೊಂಡು ಚಿಕ್ಕಮಗಳೂರಿನಿಂದ ಕೈಮರ ದಾಟಿ ಮುಳ್ಳಯ್ಯನಗಿರಿ ಹತ್ತುವಾಗ ಎಂಜಿನ್ ಕೂಗುತ್ತಿದೆ, ಗಾಡಿ ಏರುತ್ತಿಲ್ಲ. ಹೆಚ್ಚಿನ ಬೈಕುಗಳಲ್ಲಿ ಎಂಜಿನ್ನು, ಗೇರು, ಕ್ಲಚ್ ಪ್ಲೇಟುಗಳು ಎಲ್ಲವೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಕಾರಿನ ಕ್ಲಚ್ ಒಣಗಿರುತ್ತದೆ. ಅದಕ್ಕೇ ಕಾರಿನ ಎಣ್ಣೆಗೆ ಇನ್ನಷ್ಟು ನುಣುಪು ಕೊಡುವ ಪದಾರ್ಥ ಹಾಕಬಹುದು. ಬೈಕಿನಲ್ಲಿ ಅದೇ ನುಣುಪು ಕ್ಲಚ್ ಪ್ಲೇಟಿಗೆ ಶತ್ರು. ಜಪಾನಿನ ಜಾಸೋ ಅನ್ನುವ ಸಂಸ್ಥೆಯವರು 1998ರಲ್ಲಿ ಇದಕ್ಕೆಂದೇ ಒಂದು ಮಾನದಂಡ ಮಾಡಿದರು. ಎಂಎ ಅಂದರೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಸರಿ, ಎಂಬಿ ಅಂದರೆ ಗೇರಿಲ್ಲದ ಸ್ಕೂಟರಿಗೆ. 2006ರಲ್ಲಿ ಎಂಎಯನ್ನು ಎಂಎ1, ಎಂಎ2 ಅಂತ ಮತ್ತೆ ಎರಡು ಮಾಡಿದರು. ಎಂಎ2 ಕ್ಲಚ್ಚಿಗೆ ಇನ್ನೂ ಗಟ್ಟಿ ಹಿಡಿತ ಕೊಡುತ್ತದೆ. ಭಾವನ ಗಾಡಿ ಜಾರಿದ್ದು ಸಿಂಥೆಟಿಕ್ ಆಗಿದ್ದಕ್ಕಲ್ಲ, ಕಾರಿನದಾಗಿದ್ದಕ್ಕೆ. ಹಳೇ ಗಾಡಿ ಇರುವ ಯಾರಿಗಾದರೂ ನಾನು ಹೇಳುವುದು ಇಷ್ಟು: ಡಬ್ಬಿಯ ಮುಂದೆ ದಪ್ಪಕ್ಷರದಲ್ಲಿ ಏನಿದೆ ಅಂತ ಆಮೇಲೆ ನೋಡಿ. ಮೊದಲು ಹಿಂದೆ ತಿರುಗಿಸಿ ಸಣ್ಣಕ್ಷರದಲ್ಲಿ ಎಂಎ ಅಥವಾ ಎಂಎ2 ಹುಡುಕಿ.

ಇಷ್ಟೆಲ್ಲ ಆದ ಮೇಲೆ ನಾನು ಸಿಂಥೆಟಿಕ್ ಪಕ್ಷಕ್ಕೆ ಸೇರಿರಬೇಕು ಅಂತ ನಿಮಗೆ ಅನ್ನಿಸಬಹುದು. ಸೇರಿಯೂ ಬಿಡುತ್ತಿದ್ದೆ. ನನ್ನನ್ನು ತಡೆದಿದ್ದು ಸೀಲ್ ಬದಲಿಸುವ ದಿನ ಕಂಡ ಇನ್ನೊಂದು ವಸ್ತು.

ಅವತ್ತು ಮೆಕ್ಯಾನಿಕ್ ಅಣ್ಣ, ಹೇಗೂ ಎಣ್ಣೆ ಇಳಿಸಿದ್ದಾಯ್ತಲ್ಲ, ಪ್ಯಾಕಿಂಗ್ ಕೂಡ ಹೊಸದು ಹಾಕೋಣ ಅಂತ ಬಲಗಡೆಯ ಕ್ಲಚ್ ಕವರನ್ನೇ ಬಿಚ್ಚಿದರು. ಸ್ಪ್ಲೆಂಡರ್‌ನಲ್ಲಿ ಕಾರಿನ ಹಾಗೆ ಕಾಗದದ ಆಯಿಲ್ ಫಿಲ್ಟರ್ ಇಲ್ಲ. ಇರುವುದು ಒಂದು ಜಾಲರಿ, ಜೊತೆಗೆ ಕ್ರ್ಯಾಂಕ್ ಜೊತೆ ಗಿರಗಿರ ತಿರುಗುವ ಒಂದು ಬಟ್ಟಲು. ಎಣ್ಣೆ ಅದರೊಳಗೆ ಹಾಯುವಾಗ ಭಾರದ ಕೊಳೆ ಹೊರಗಿನ ಗೋಡೆಗೆ ಎಸೆದು ಅಂಟಿಕೊಳ್ಳುತ್ತದೆ, ಒಳ್ಳೆ ಎಣ್ಣೆ ಮುಂದೆ ಹೋಗುತ್ತದೆ. ಬಟ್ಟೆ ಒಗೆಯುವ ಮೆಷಿನ್ನಿನ ಡ್ರೈಯರ್ ತಿರುಗುವ ಹಾಗೆ. ಬಹಳ ಜಾಣ ಉಪಾಯ. ಬದಲಿಸುವ ಖರ್ಚಿಲ್ಲ. ಆದರೆ ಯಾರಾದರೂ ಕವರ್ ಬಿಚ್ಚಿ ತೊಳೆಯಬೇಕು. ಅದು ಸುಮ್ನೆ ಆಗುವ ಕೆಲಸವಲ್ಲ.

ಆ ಬಟ್ಟಲಿನ ಮೂರು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರು. ಒಳಗೆ ಕಾಡಿಗೆಯಂಥ ಕಪ್ಪು ಕೆಸರು ಬೆರಳು ದಪ್ಪ ಮೆತ್ತಿಕೊಂಡಿತ್ತು. ಸ್ಕ್ರೂಡ್ರೈವರ್‌ನಿಂದ ಕೆರೆದರೆ ಬೆಲ್ಲದ ಪಾಕದಂತೆ ಎಳೆ ಎಳೆಯಾಗಿ ಬಂತು. ಬೆರಳಿನ ನಡುವೆ ಉಜ್ಜಿದರೆ ಸಣ್ಣ ಹರಳು ಹರಳು ತಾಗಿತು. ಅದು ಲೋಹ. ಕ್ಲಚ್ ಪ್ಲೇಟಿನ ಪುಡಿ. ನಾನು ಗುಬ್ಬಿಯ ಹತ್ತಿರ ಎಂಜಿನ್ ಸೀಜ್ ಮಾಡಿದಾಗಿನ ಚೂರುಗಳೂ ಅದರಲ್ಲಿ ಇದ್ದವೇನೋ. ಸೀಮೆಎಣ್ಣೆಯಲ್ಲಿ ಮೂರು ಸಲ ತೊಳೆದರೂ ತಟ್ಟೆಯ ತಳದಲ್ಲಿ ಮಿನುಗುತ್ತಿತ್ತು.

ನನಗೆ ವಿಷಯ ಹೊಳೆದದ್ದು ಅಲ್ಲೇ. ಸಿಂಥೆಟಿಕ್ಕಿಗೆ ಕೊಡುವ ಹೆಚ್ಚಿನ ದುಡ್ಡಿಗೆ ಪ್ರತಿಯಾಗಿ ನಮಗೆ ಸಿಗುವ ದೊಡ್ಡ ಲಾಭ ಅಂದರೆ ಅದು ಬಹಳ ದಿನ ಕೆಡದೆ ಬಾಳುವುದು. ಕಾರಿನವರು 10,000 ಕಿಲೋಮೀಟರ್ ಓಡಿಸುತ್ತಾರೆ. ಅಲ್ಲಿ ಕಾಗದದ ಫಿಲ್ಟರ್ ಇದೆ, ಅದನ್ನೂ ಬದಲಿಸುತ್ತಾರೆ. ನಮ್ಮ ಗಾಡಿಯಲ್ಲಿ ಎಣ್ಣೆ ಕೆಡುವ ಮೊದಲೇ ಕೊಳೆಯಾಗುತ್ತದೆ. ಎಷ್ಟೇ ಒಳ್ಳೆಯ ಕಡಲೆಕಾಯಿ ಎಣ್ಣೆಯಲ್ಲಿ ಬೋಂಡ ಕರಿದರೂ ತಳದಲ್ಲಿ ಕರಿ ಚೂರು ನಿಲ್ಲುವುದು ತಪ್ಪಲ್ಲ. ಬಟ್ಟಲಿಗೆ ಸಿಗದ ಸಣ್ಣ ಮಸಿ ಎಣ್ಣೆಯಲ್ಲೇ ತೇಲುತ್ತಿರುತ್ತದೆ. ಅದು ಹೊರಗೆ ಬರುವ ದಾರಿ ಒಂದೇ: ಎಣ್ಣೆ ಇಳಿಸುವ, ಕೆಳಗಿನ 17 ನಂಬರ್ ಬೋಲ್ಟ್ ಬಿಚ್ಚುವುದು.

ಇನ್ನೊಂದು ನನ್ನ ಓಡಾಟದ ರೀತಿ. ಮನೆಯಿಂದ ಮೆಟ್ರೋ ಸ್ಟೇಷನ್ನಿಗೆ 3 ಕಿಲೋಮೀಟರ್. ಸಂಜೆ ಮತ್ತೆ 3. ಎಂಜಿನ್ ಸರಿಯಾಗಿ ಕಾಯುವ ಮೊದಲೇ ಆಫ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ ಅಂತ ಓದಿದಾಗ ನಾನು ನಂಬಲಿಲ್ಲ. ಲೆಕ್ಕ ಹಾಕಿದರೆ ಹೌದು. ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕ ಸೇರಿ ನೀರಾಗುತ್ತದೆ. ಬಹುಪಾಲು ಆವಿಯಾಗಿ ಸೈಲೆನ್ಸರ್‌ನಿಂದ ಹೋಗುತ್ತದೆ, ಸ್ವಲ್ಪ ರಿಂಗ್ಸ್ ದಾಟಿ ಎಣ್ಣೆಗೆ ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಅದೂ ಆವಿಯಾಗಿ ಹೋಗುತ್ತದೆ. ಕಾಯದಿದ್ದರೆ ಅಲ್ಲೇ ಉಳಿಯುತ್ತದೆ. ಚೋಕ್ ಎಳೆದು ಸ್ಟಾರ್ಟ್ ಮಾಡಿದಾಗ ಉರಿಯದ ಪೆಟ್ರೋಲೂ ಸ್ವಲ್ಪ ಸೇರುತ್ತದೆ. ಜುಲೈ ತಿಂಗಳಲ್ಲಿ ಒಂದು ದಿನ ಮುಚ್ಚಳ ತೆಗೆದು ನೋಡಿದೆ. ಅದರ ಒಳಮೈಯಲ್ಲಿ ಮೊಸರಿನ ಕೆನೆಯಂತೆ ಬಿಳಿಹಳದಿ ನೊರೆ ಕೂತಿತ್ತು. ಒಳಗಿದ್ದದ್ದು ದುಬಾರಿ ಸಿಂಥೆಟಿಕ್ಕೇ. ನೀರಿಗೆ ಅದರ ಬೆಲೆ ಗೊತ್ತಿಲ್ಲ.

ಹಾಗಾಗಿ ಈಗ ನನ್ನ ಗಾಡಿಗೆ ಹಾಕುವುದು ಮಿನರಲ್, 20ಡಬ್ಲ್ಯು40, ಎಂಎ2. ಪ್ರತಿ 2,000 ಕಿಲೋಮೀಟರಿಗೆ, ಅಷ್ಟು ಓಡದಿದ್ದರೆ ಪ್ರತಿ ಐದಾರು ತಿಂಗಳಿಗೆ ಬದಲಾವಣೆ. ಮಳೆಗಾಲ ಮುಗಿದ ಮೇಲೆ ಒಂದು ಸಲ ಕಡ್ಡಾಯ. ಒಂದು ಸಿಂಥೆಟಿಕ್ ಡಬ್ಬಿಯ ದುಡ್ಡಿನಲ್ಲಿ ಎರಡು ಸಲ ಎಂಜಿನ್ ತೊಳೆದ ಹಾಗಾಗುತ್ತದೆ. ಎರಡು ಸಲ ಗಾಡಿಯ ಕೆಳಗೆ ಬಗ್ಗಿ ನೋಡಿದ ಹಾಗೂ ಆಗುತ್ತದೆ. ಬಗ್ಗಿದಾಗಲೇ ಚೈನ್ ಸಡಿಲ ಆಗಿರುವುದು, ಫುಟ್‌ರೆಸ್ಟ್ ಬೋಲ್ಟ್ ಅಲ್ಲಾಡುವುದು ಕಣ್ಣಿಗೆ ಬೀಳುವುದು.

ಇದೇ ಗಾಡಿ ನನ್ನ ಹತ್ತಿರ ಅಲ್ಲ, ನಮ್ಮ ಬೀದಿಗೆ ಊಟದ ಡೆಲಿವರಿ ತರುವ ಹುಡುಗನ ಹತ್ತಿರ ಇದ್ದಿದ್ದರೆ? ನಾನು ಬೇರೆ ಮಾತು ಹೇಳುತ್ತಿದ್ದೆ. ಅವನದೂ ಹಳೇ ಸ್ಪ್ಲೆಂಡರೇ. ದಿನಕ್ಕೆ ನೂರು ಕಿಲೋಮೀಟರಿಗೂ ಮೇಲೆ, ಅದೂ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ, ಹಾಫ್ ಕ್ಲಚ್ಚಿನಲ್ಲಿ. ಗಾಳಿಯಿಂದ ತಣ್ಣಗಾಗುವ ಎಂಜಿನ್ನಿಗೆ ನಿಂತ ಕಡೆ ಗಾಳಿ ಎಲ್ಲಿಂದ ಬರಬೇಕು? ಎಣ್ಣೆಯ ಬಿಸಿ 10 ಡಿಗ್ರಿ ಏರಿದರೆ ಅದು ಕೆಡುವ ವೇಗ ಸುಮಾರು ಎರಡರಷ್ಟಾಗುತ್ತದೆ. ಜೊತೆಗೆ ಗೇರಿನ ಹಲ್ಲುಗಳು ಎಣ್ಣೆಯನ್ನು ಅರೆಯುತ್ತವೆ. ಮಿನರಲ್ ಎಣ್ಣೆಯನ್ನು ಬಿಸಿಯಲ್ಲಿ ದಪ್ಪಗೆ ಹಿಡಿದಿಡುವ ಪಾಲಿಮರ್‌ಗಳು ಅರೆದು ಅರೆದು ತುಂಡಾಗುತ್ತವೆ, 40 ಅಂತ ಹಾಕಿದ್ದು ದಿನ ಕಳೆದಂತೆ 30ರ ಹತ್ತಿರ ಬರುತ್ತದೆ. ಸಿಂಥೆಟಿಕ್ಕಿಗೆ ಆ ಪಾಲಿಮರ್‌ಗಳ ಆಸರೆ ಅಷ್ಟು ಬೇಕಾಗುವುದಿಲ್ಲ. ನೀರಿನ ಕಾಟ ಅವನಿಗಿಲ್ಲ, ಎಂಜಿನ್ ತಣ್ಣಗಾದರೆ ತಾನೇ? ಅವನು ಕೇಳಿದಾಗ ಸಿಂಥೆಟಿಕ್ ಹಾಕು ಮಗಾ, ಆದರೆ 3,000ಕ್ಕೆ ಬದಲಿಸು ಅಂದೆ. ಅವನಿಗೆ ಆ ದುಡ್ಡು ದೊಡ್ಡದು ಅಂತ ಗೊತ್ತಿದ್ದೂ ಹೇಳಿದೆ. ಆ ಎಂಜಿನ್ ನಿಂತರೆ ಅವನ ಮನೆಯ ಒಲೆ ನಿಲ್ಲುತ್ತದೆ.

ನಿಮ್ಮದು ಮೈಸೂರಿನ ಯೆಜ್ಡಿ ಅಥವಾ ಆರ್‌ಎಕ್ಸ್ 100 ಆದರೆ ಈ ಬರಹದ ಅರ್ಧ ನಿಮಗಲ್ಲ. ಟು ಸ್ಟ್ರೋಕ್ ಎಂಜಿನ್ನಿನಲ್ಲಿ 2ಟಿ ಎಣ್ಣೆ ಪೆಟ್ರೋಲಿನ ಜೊತೆ ಉರಿದೇ ಹೋಗುತ್ತದೆ. ಅಲ್ಲಿ ನೋಡಬೇಕಾದ್ದು ಹೊಗೆ ಮತ್ತು ಮಸಿ ಎಷ್ಟು ಅಂತ. ಡಬ್ಬಿ ಮೇಲೆ ಕಡಿಮೆ ಹೊಗೆಯ ಗುರುತಾದ ಜಾಸೋ ಎಫ್‌ಸಿ ಅಥವಾ ಎಫ್‌ಡಿ ಇರಲಿ. ಹಳೇ ಕಾಸ್ಟ್ ಐರನ್ ಬುಲೆಟ್ಟಿನಲ್ಲಿ ಎಂಜಿನ್, ಕ್ಲಚ್ ಇರುವ ಕೇಸ್, ಗೇರ್ ಬಾಕ್ಸ್ ಮೂರೂ ಬೇರೆ ಬೇರೆ. ಒಂದರ ನಿಯಮ ಇನ್ನೊಂದಕ್ಕೆ ಇಲ್ಲ.

ಯಾವ ಎಣ್ಣೆ ತಗೊಂಡರೂ ಒಂದು ಕೆಲಸ ಮಾಡಿ. ಖಾಲಿ ಡಬ್ಬಿಯನ್ನು ಹಾಗೇ ಬಿಡಬೇಡಿ, ಮೊಳೆ ಹೊಡೆದು ತೂತು ಮಾಡಿ. ಅದೇ ಡಬ್ಬಿಗೆ ಸುಟ್ಟ ಎಣ್ಣೆ ಸೋಸಿ ತುಂಬಿ ಮತ್ತೆ ಮಾರುವವರು ಇದ್ದಾರೆ. ಇಳಿಸಿದ ಎಣ್ಣೆಯನ್ನು ಗ್ಯಾರೇಜಿನ ಡ್ರಮ್ಮಿಗೆ ಹಾಕಿ. ನಮ್ಮ ಮನೆಯಲ್ಲಿ ಮೊದಲು ಅದನ್ನು ಗೆದ್ದಲು ಹಿಡಿಯದಿರಲಿ ಅಂತ ಕೊಟ್ಟಿಗೆ ಕಂಬಕ್ಕೆ ಬಳಿಯುತ್ತಿದ್ದೆವು, ಉಳಿದಿದ್ದನ್ನು ಬೇಲಿ ಪಕ್ಕ ಚೆಲ್ಲುತ್ತಿದ್ದೆವು. ಆ ಜಾಗದಲ್ಲಿ ಬಹಳ ವರ್ಷ ಹುಲ್ಲು ಬರಲಿಲ್ಲ. ಈಗ ಹಾಗೆ ಮಾಡುವುದಿಲ್ಲ.

ಈ ಸಲ ಆಯುಧ ಪೂಜೆಗೆ ಊರಿಗೆ ಹೋಗಿದ್ದೆ. ಹಿಂದಿನ ದಿನ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಬಿಸಿ ಇರುವಾಗಲೇ ಬೋಲ್ಟ್ ಬಿಚ್ಚಿದೆ. ಅಪ್ಪ ಕುರ್ಚಿ ಹಾಕಿಸಿಕೊಂಡು ಪಕ್ಕದಲ್ಲೇ ಕೂತರು. ಈಗ ಅವರಿಗೆ 76. ಬಗ್ಗಲು ಆಗುವುದಿಲ್ಲ. ತಟ್ಟೆ ಹತ್ತಿರ ತರಲು ಹೇಳಿ, ಇಳಿದ ಎಣ್ಣೆಯಲ್ಲಿ ಬೆರಳು ಅದ್ದಿ ಹೆಬ್ಬೆರಳಿಗೆ ಉಜ್ಜಿದರು. ಮೂಸಿ ನೋಡಿದರು.

"ಇನ್ನೊಂದು ಐನೂರು ಓಡ್ತಿತ್ತು ಕಣೋ ಇದು."

"ಮಳೆಗಾಲದ್ದಪ್ಪ. ನೀರು ಸೇರಿರುತ್ತೆ."

ಅವರು ಒಪ್ಪಲಿಲ್ಲ, ವಾದವನ್ನೂ ಮಾಡಲಿಲ್ಲ. ಬೆರಳು ಒರೆಸಿಕೊಂಡು ಹೊಸ ಡಬ್ಬಿ ಕೈಗೆತ್ತಿಕೊಂಡರು. ಕನ್ನಡಕ ಹಣೆಗೇರಿಸಿ, ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದು, ಹಿಂಭಾಗದ ಸಣ್ಣಕ್ಷರ ಓದತೊಡಗಿದರು. "ಎಂಎ2 ಇದೆ, ಸುರಿ" ಎಂದರು. ಸುರಿದೆ. ಕಿಕ್ ಹೊಡೆದು ಮೂರು ನಿಮಿಷ ಓಡಿಸಿದೆ, ಆಫ್ ಮಾಡಿ ಕಾದೆ. ಮುಚ್ಚಳ ಬಿಚ್ಚಿ, ಕಡ್ಡಿ ಒರೆಸಿ, ತಿರುಪದೆ ಇಟ್ಟು ತೆಗೆದು ಅವರ ಕೈಗೆ ಕೊಟ್ಟೆ. ಅಪ್ಪ ಅದನ್ನು ಬೆಳಕಿಗೆ ಹಿಡಿದು ಮೇಲಿನ ಗೆರೆ ಹುಡುಕಿದರು.